ಕರಾವಳಿಯಲ್ಲಿ ಕೈಗೆಟಕುವ ಜಾಗ: ಕುಂದಾಪುರ–ಬೈಂದೂರು ಕಡೆ ನಾನು ನೋಡಿದ ಕ್ರಮ

ಮನೆ ಕಟ್ಟಲು ಜಾಗ ಹುಡುಕುವಾಗ ರಾಷ್ಟ್ರೀಯ ಹೆದ್ದಾರಿ 66ರ ಪಡುಬದಿಯನ್ನು, ಅಂದರೆ ಸಮುದ್ರದ ಕಡೆಯನ್ನು, ಮೊದಲೇ ಕೈಬಿಟ್ಟೆ. ದರ ಜಾಸ್ತಿ ಅನ್ನುವುದೊಂದೇ ಕಾರಣ ಅಲ್ಲ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ ಹಳ್ಳಿ ಕಡೆ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊರಗಿನವರು ಹೊಸ ಮನೆ ಕಟ್ಟುವ ಹಾಗಿಲ್ಲ. 2019ರ ಅಧಿಸೂಚನೆ ಇದನ್ನು 50 ಮೀಟರಿಗೆ ಇಳಿಸಿದ್ದು ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನ ಇರುವ ಕಡೆ ಮಾತ್ರ. ಸಮುದ್ರದಿಂದ ದೂರ ಇದ್ದೇವೆ ಅಂದುಕೊಂಡವರೂ ಸಿಕ್ಕಿಬೀಳುತ್ತಾರೆ: ಸೌಪರ್ಣಿಕಾದಂಥ ಹೊಳೆಯಲ್ಲಿ ಉಬ್ಬರದ ನೀರು ಏರುವ ತನಕ ಎರಡೂ ದಡಕ್ಕೆ ಸಿಆರ್‌ಝಡ್ ಇದೆ.

ಹೆದ್ದಾರಿಯ ಮೂಡು (ಪೂರ್ವ) ಬದಿಗೆ ಬಂದರೆ ದರ ಇಳಿಯುತ್ತದೆ, ಆದರೆ ಯಾಕೆ ಇಳಿದಿದೆ ಅಂತ ನೋಡಬೇಕು. ಇಲ್ಲಿ ಗದ್ದೆ ಮೂರು ಬಗೆ: ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು. ಬ್ರೋಕರ್ ಫೆಬ್ರವರಿಯಲ್ಲಿ ತೋರಿಸುವ ಒಣಗಿದ ಬಯಲು ಹೆಚ್ಚಿನಂಶ ಬೈಲು ಗದ್ದೆ. ಜುಲೈಯಲ್ಲಿ ಅಲ್ಲಿ ಮೊಣಕಾಲುದ್ದ ನೀರು. 10 ಸೆಂಟ್ಸ್ ಅಂದರೆ 4356 ಚದರ ಅಡಿ. ಮೂರಡಿ ಏರಿಸಲು 13,068 ಘನ ಅಡಿ ಮಣ್ಣು ಬೇಕು, ಕೂತ ಮೇಲೆ ಇನ್ನಷ್ಟು. ಅದರ ಮೇಲೆ ಸುತ್ತ ಕಲ್ಲಿನ ಗೋಡೆ, ನೀರಿನ ದಾರಿ ಮುಚ್ಚಿತೆಂದು ಪಕ್ಕದ ಗದ್ದೆಯವರ ಜಗಳ. ಮನೆಗೆ ಬೆಟ್ಟು ಜಾಗವೇ ಸರಿ.

ಗುಡ್ಡ ಕಡಿದು ಮಟ್ಟ ಮಾಡಿದ ಸೈಟೂ ಅಗ್ಗಕ್ಕೆ ಸಿಗುತ್ತದೆ. ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಕೆಳಗೆ ಬಿಳಿ–ನಸುಗೆಂಪು ಶೇಡಿ ಮಣ್ಣು ಕಂಡರೆ ನಾನು ಮುಂದೆ ಮಾತಾಡುವುದಿಲ್ಲ. ನೀರು ಕುಡಿದರೆ ಶೇಡಿ ಸಡಿಲವಾಗಿ ಜಾರುತ್ತದೆ. ಹೆದ್ದಾರಿ ಪಕ್ಕದ ಗುಡ್ಡ ಮಳೆಯಲ್ಲಿ ಕುಸಿದರೆ ಏನಾಗುತ್ತದೆಂದು 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಎಲ್ಲರೂ ನೋಡಿದ್ದೇವೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದು ನೀರಿಗೆ. ಜಾಗ ನೋಡುವುದು ಮೇ ತಿಂಗಳಲ್ಲಿ, ಮಳೆ ಬೀಳುವ ಮೊದಲು. ಹೊಯಿಗೆ (ಮರಳು) ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ; ಸಿಹಿನೀರಿನ ಮಟ್ಟ ಒಂದಡಿ ಇಳಿದರೆ ಅಡಿಯ ಉಪ್ಪುನೀರು ಹೆಚ್ಚುಕಡಿಮೆ 40 ಅಡಿ ಮೇಲೇರಬಹುದು. ಹಾಗಾಗಿ ಸುತ್ತ ಬೋರ್‌ವೆಲ್ ಹೆಚ್ಚಿದ್ದ ಕಡೆ ಬಾವಿಯನ್ನೂ ನಂಬಲಾಗದು. ತೆಂಗಿನ ಮರ ನೋಡಿ ಮರುಳಾಗಬಾರದು, ತೆಂಗು ಉಪ್ಪು ತಡೆದುಕೊಳ್ಳುತ್ತದೆ. ಬಾವಿಕಟ್ಟೆ ಪಕ್ಕದ ಬಾಳೆ ನೋಡಿ: ಎಲೆಯ ಅಂಚು ಸುಟ್ಟಂತೆ ಕಂದಿದ್ದರೆ ಉಪ್ಪಿನ ಅನುಮಾನ ಇಟ್ಟುಕೊಳ್ಳಿ. ಹತ್ತಿರದ ಮೂರ್ನಾಲ್ಕು ಮನೆಯಲ್ಲಿ “ಅಮ್ಮಾ, ಬೇಸಿಗೆಯಲ್ಲಿ ಬಾವಿ ನೀರು ಕುಡಿಯಲಿಕ್ಕೆ ಆಗ್ತದಾ?” ಅಂತ ಕೇಳಿದರೆ ಹೆಂಗಸರು ಸುಳ್ಳು ಹೇಳುವುದಿಲ್ಲ, ಜಾಗ ಮಾರುವವರ ನೆಂಟರಾದರೆ ಮಾತ್ರ ಲೆಕ್ಕ ಬೇರೆ. ಒಂದು ಬಾಟಲಿ ನೀರು ಲ್ಯಾಬಿಗೆ ಕೊಟ್ಟು ಕ್ಲೋರೈಡ್ ನೋಡಿಸಬೇಕು: ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ ಒಪ್ಪಬಹುದೆನ್ನುತ್ತದೆ ಕುಡಿಯುವ ನೀರಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ. 1000ದ ನೀರನ್ನು ನಾನಂತೂ ಕುಡಿಯಲಾರೆ.

ಕಾಗದ ಪತ್ರ ವಕೀಲರ ಕೆಲಸ, ಆದರೂ ಇಲ್ಲಿನ ಕೆಲವು ತೊಡಕು ಬೇರೆ ಜಿಲ್ಲೆಯ ವಕೀಲರಿಗೆ ಹೊಳೆಯುವುದಿಲ್ಲ. ‘ಒಂದೆಕ್ರೆ’ ಅಂತ ತೋರಿಸಿದ್ದರಲ್ಲಿ ಅರ್ಧ ಕುಮ್ಕಿ ಆಗಿರಬಹುದು. ಅದು ಪಕ್ಕದ ಕೃಷಿಕರು ಸೊಪ್ಪು–ಸೌದೆಗೆ ಬಳಸುವ ಸರ್ಕಾರಿ ಜಾಗ, ಮಾರಲು ಬರುವುದಿಲ್ಲ. ಸ್ಥಳದಲ್ಲೇ ನಿಂತು ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತೆಗೆದರೆ ಅಂದಾಜು ಸಿಗುತ್ತದೆ, ಖಚಿತವಾಗುವುದು ಸರ್ವೆಯವರು ಅಳೆದು ಕೊಡುವ 11ಇ ನಕ್ಷೆಯಲ್ಲಿ. ಮೂಲಗೇಣಿ (ಕಾಯಂ ಗೇಣಿ) ಹಕ್ಕು ಉಳಿದಿದೆಯೇ, ಅಳಿಯಕಟ್ಟಿನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ, ಕುಟುಂಬವಾದರೆ ಮುಂಬೈಯಲ್ಲಿರುವ ಪಾಲುದಾರರೂ ಸಹಿ ಹಾಕುತ್ತಾರೆಯೇ ಅಂತ ಕೇಳಿ. ಮೂಲೆಯಲ್ಲಿ ನಾಗಬನ ಇದ್ದರೆ ಪೂಜೆಗೆ ಬರುವವರ ದಾರಿ ಇದ್ದೇ ಇರುತ್ತದೆ, ಅದನ್ನು ಬಿಟ್ಟೇ ಅಳತೆ ಲೆಕ್ಕ ಹಾಕಿ. ನಮ್ಮ ಜಾಗಕ್ಕೆ ಬರುವ ದಾರಿ ಗದ್ದೆ ಅಂಚಿನ ಮೇಲೆ ಬಾಯಿಮಾತಿನದ್ದಾದರೆ ಅದರ ಅಗಲ ಎಷ್ಟು ಅಡಿ, ಯಾರ ಸರ್ವೆ ನಂಬರಿನಲ್ಲಿ ಹೋಗುತ್ತದೆ ಅನ್ನುವುದು ಕ್ರಯಪತ್ರದಲ್ಲಿ ಬರಬೇಕು, ದಾರಿ ಹಾದುಹೋಗುವ ಜಾಗದ ಯಜಮಾನರ ಸಹಿಯೊಂದಿಗೆ. ಇದಕ್ಕೆ ಅವರು ಒಪ್ಪುವ ತನಕ ಮುಂಗಡ ಕೊಡಬೇಡಿ.