ನಾಲ್ಕು ವರ್ಷದ ಹುಡುಗನಿಗೆ ಹಲ್ಲಿನ ಸೆಟ್: ನನ್ನ ಅನುಭವ

"ಇಷ್ಟು ಚಿಕ್ಕ ಮಗುವಿಗೆ ಸೆಟ್ಟಾ? ಒಂದು ವಾರದಲ್ಲಿ ಕಸದ ಬುಟ್ಟಿ ಸೇರುತ್ತೆ ನೋಡಿ" ಅಂತ ಹೇಳಿದವರು ಒಬ್ಬಿಬ್ಬರಲ್ಲ. ನನ್ನ ಸೀನಿಯರ್ ದಂತವೈದ್ಯರೊಬ್ಬರಂತೂ ಹದಿನೆಂಟು ತುಂಬಲಿ, ಆಮೇಲೆ ಇಂಪ್ಲಾಂಟ್ (ದವಡೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕೋಣ ಅಂದಿದ್ದರು. ಆ ಹುಡುಗ ಈಗ ಎರಡನೇ ಜೊತೆ ಸೆಟ್ ಹಾಕಿಕೊಂಡು ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ಶಾಲೆಗೆ ಹೋಗುತ್ತಿದ್ದಾನೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಅಪ್ಪನಿಗೆ ಉಡುಪಿ ಹೋಟೆಲೊಂದರಲ್ಲಿ ಕ್ಯಾಶ್ ಕೌಂಟರ್ ಕೆಲಸ. ಕರೆದುಕೊಂಡು ಬಂದದ್ದು ಅಮ್ಮ ಮತ್ತು ಅಪ್ಪನ ತಾಯಿ. ಮೇಲೆ ಮುಂದುಗಡೆ ಎರಡು ಮೊನಚು ಹಲ್ಲು, ಹಿಂದೆ ಎರಡು ದವಡೆ ಹಲ್ಲು, ಕೆಳಗೆ ಪೂರ್ತಿ ಖಾಲಿ. ತೆಳ್ಳಗಿನ ಕೂದಲು, ಹುಬ್ಬು ಇದ್ದೂ ಇಲ್ಲದ ಹಾಗೆ. ಕೈಕೂಸಾಗಿದ್ದಾಗ ಪದೇ ಪದೇ ಜ್ವರ ಬಂದು, ಪ್ರತಿ ಸಲವೂ ಆಂಟಿಬಯೋಟಿಕ್ ನುಂಗಿಸಿದ್ದರು. ಮೈ ಬೆವರುವುದೇ ಇಲ್ಲ ಅಂತ ಗಮನಿಸಿದ್ದು ಅಮ್ಮ ಮಾತ್ರ. ಎಕ್ಟೋಡರ್ಮಲ್ ಡಿಸ್‌ಪ್ಲಾಸಿಯಾ (ಹಲ್ಲು, ಕೂದಲು, ಬೆವರು ಗ್ರಂಥಿ ಸರಿಯಾಗಿ ಬೆಳೆಯದ ಹುಟ್ಟು ತೊಂದರೆ) ಅನ್ನುವುದಕ್ಕೆ ಇನ್ನೇನು ಬೇಕು?

ಅಮ್ಮನಿಗೆ ಒಂದು ಸಲ ನಗಿ ಅಂದೆ. ಮೇಲಿನ ಪಕ್ಕದ ಹಲ್ಲು ಪೆನ್ಸಿಲ್ ಮೊನೆಯ ಹಾಗಿತ್ತು. ಊರಲ್ಲಿರುವ ಸೋದರಮಾವನಿಗೂ ಬಾಯಲ್ಲಿ ನಾಲ್ಕೈದೇ ಹಲ್ಲು, ತಲೆ ಬೋಳು. ಎಕ್ಸ್ ಕ್ರೋಮೋಸೋಮಿನ (ಗಂಡುಮಗುವಿಗೆ ಅದು ಅಮ್ಮನಿಂದ ಬರುತ್ತದೆ) ಇಡಿಎ ಅನ್ನುವ ಜೀನಿನ ದೋಷ ಇರಬೇಕು ಅನ್ನಿಸಿತು. ಜಾಸ್ತಿ ಕಾಣುವುದು ಅದೇ. ಡಾರ್ವಿನ್ 1875ರಲ್ಲೇ ಸಿಂಧ್‌ನ ಒಂದು ಕುಟುಂಬದ ಬಗ್ಗೆ ಇದನ್ನೇ ಬರೆದಿದ್ದ. ನಾಲ್ಕು ತಲೆಮಾರಿನಲ್ಲಿ ಹತ್ತು ಗಂಡಸರಿಗೆ ಹೀಗಿತ್ತು, ಹೆಣ್ಣುಮಕ್ಕಳಿಗೆ ತೊಂದರೆ ಇರಲಿಲ್ಲ, ಆದರೆ ಅವರ ಗಂಡುಮಕ್ಕಳಿಗೆ ಬಂತು. ಇದನ್ನು ಹೇಳಿದ್ದೇ ತಡ, ಅಜ್ಜಿ ಸೊಸೆಯ ಕಡೆ ತಿರುಗಿದರು. "ಅಜ್ಜೀ, ಇದು ಯಾರೂ ಬೇಕಂತ ಕೊಡುವುದಲ್ಲ" ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು.

ಇನ್ನು ಕೆಲಸದ ವಿಷಯ. ಹಲ್ಲೇ ಇಲ್ಲದ ಕಡೆ ರಿಡ್ಜ್ (ಸೆಟ್ ಕೂರುವ ದವಡೆಯ ದಿಣ್ಣೆ) ಬೆಳೆಯುವುದಿಲ್ಲ ಅಂತ ನಿಮಗೆ ಗೊತ್ತಿದೆ. ಕೆಳಗಿನದು ಚಾಕುವಿನ ಅಲಗಿನಷ್ಟು ತೆಳು. ಬಾಯಿಯ ಅಚ್ಚು ತೆಗೆಯುವ ಅತಿ ಚಿಕ್ಕ ರೆಡಿಮೇಡ್ ಟ್ರೇ ಕೂಡ ದೊಡ್ಡದಾಯಿತು. ಅಂಚು ಕತ್ತರಿಸಿ, ಉಜ್ಜಿ, ಮೇಣ ಹಚ್ಚಿ ಅಚ್ಚಿನ ಪೇಸ್ಟ್ ಆಲ್ಜಿನೇಟ್ ಹಾಕಿದರೆ ಹುಡುಗ ವಾಂತಿ ಮಾಡಿಕೊಂಡ. ಮತ್ತೆ ಮಾಡಿದರೆ ನಾಲಿಗೆಯಿಂದ ತಳ್ಳಿದ. ಕೊನೆಗೆ ಕೆಳಗಡೆ ಟ್ರೇಯನ್ನೇ ಬಿಟ್ಟು, ಬೆರಳಲ್ಲಿ ಪುಟ್ಟಿ (ಹಿಟ್ಟಿನ ಹಾಗಿರುವ ಸಿಲಿಕೋನ್) ಒತ್ತಿ ಮೊದಲ ಅಚ್ಚು ತೆಗೆದೆ. ಕೊನೆಯ ಅಚ್ಚಿಗೆ ಜಿಂಕ್ ಆಕ್ಸೈಡ್ ಪೇಸ್ಟ್ ಮುಟ್ಟಬೇಡಿ. ಈ ಮಕ್ಕಳಿಗೆ ಜೊಲ್ಲು ಕಡಿಮೆ, ಅದು ಉರಿಯುತ್ತದೆ, ಅಂಟಿಕೊಳ್ಳುತ್ತದೆ. ಸಿಲಿಕೋನೇ ಸರಿ.

ಬೈಟ್ (ಮೇಲಿನ, ಕೆಳಗಿನ ದವಡೆ ಕೂಡುವ ಅಳತೆ) ತೆಗೆಯುವಾಗ ದವಡೆ ಮುಂದಕ್ಕೆ ಜಾರುತ್ತಲೇ ಇತ್ತು. "ಸಾಸಿವೆ ಅನ್ನು, ಸೊಸೆ ಅನ್ನು" ಅಂತ ಅವನ ಬಾಯಲ್ಲಿ ಸ ಹೇಳಿಸಿ ಎರಡು ದವಡೆಗಳ ನಡುವಿನ ಎತ್ತರ ಹಿಡಿದೆ. ಪೂರ್ತಿ ಎತ್ತರ ಒಂದೇ ಸಲಕ್ಕೆ ಕೊಡಲಿಲ್ಲ, ಬೇಕಾದ್ದಕ್ಕಿಂತ ಸುಮಾರು ಎರಡು ಮಿಲಿಮೀಟರ್ ಕಡಿಮೆಯೇ ಇಟ್ಟೆ. ಎರಡನೇ ಜೊತೆಯಲ್ಲಿ ಏರಿಸಿದೆ.

ಮೊನಚು ಹಲ್ಲು ಕಿತ್ತು ಹಾಕಿ ಅಂತ ಸಲಹೆ ಕೊಟ್ಟವರೂ ಇದ್ದರು. ಕೀಳುವುದೇ? ಹಿಡಿತಕ್ಕೆ ಇದ್ದದ್ದೇ ಅವು! ಸೆಲ್ಯುಲಾಯ್ಡ್ ಕ್ರೌನ್ ಫಾರ್ಮ್ (ಹಲ್ಲಿನಾಕಾರದ ಪಾರದರ್ಶಕ ಟೋಪಿ) ಇಟ್ಟು ಹಲ್ಲಿನ ಬಣ್ಣದ ಕಾಂಪೊಸಿಟ್ ಕಟ್ಟಿ ಬಾಚಿಹಲ್ಲಿನ ಆಕಾರ ಕೊಟ್ಟೆ. ಒಂದರ ಕಾಂಪೊಸಿಟ್ ಕಿತ್ತುಬಂತು, ಮತ್ತೆ ಕಟ್ಟಿದೆ. ದವಡೆ ಹಲ್ಲುಗಳಿಗೆ ತಂತಿಯ ಕ್ಲಾಸ್ಪ್ (ಸೆಟ್ಟನ್ನು ಹಿಡಿದಿಡುವ ಕೊಕ್ಕೆ).

ಸೆಟ್ಟಿಗೆ ಜೋಡಿಸುವ ಹಾಲುಹಲ್ಲಿನ ಅಳತೆಯ ಅಕ್ರಿಲಿಕ್ (ಪ್ಲಾಸ್ಟಿಕ್) ಹಲ್ಲು ನಮ್ಮ ಡೀಲರ್ ಹತ್ತಿರ ಇರಲಿಲ್ಲ. ಹೊರಗಿನದ್ದು ತರಿಸಿದರೆ ಲ್ಯಾಬ್ ಚಾರ್ಜಿಗಿಂತ ಜಾಸ್ತಿ. ದೊಡ್ಡವರ ಕೆಳಗಿನ ಬಾಚಿಹಲ್ಲಿನ ಅತಿ ಸಣ್ಣ ಸೈಜನ್ನು ಉಜ್ಜಿ ಮೇಲಿಗೆ ಕೂರಿಸಿದೆವು. ಬಣ್ಣ ಬಿ1, ತುಂಬ ಬಿಳಿಯ ಶೇಡ್. ನಡುವೆ ಸಣ್ಣ ಸಂದು ಬಿಡಿ, ಇಲ್ಲದಿದ್ದರೆ ಮಗುವಿನ ಬಾಯಲ್ಲಿ ತಾತನ ಹಲ್ಲು ಕಾಣುತ್ತದೆ. ಹಿಂದಿನವು ಚಪ್ಪಟೆ ಇರಲಿ.

ಎಲ್ಲಕ್ಕಿಂತ ಮುಖ್ಯ ಇದು: ಮೇಲಿನ ಸೆಟ್ ಒಂದನ್ನೇ ಮೊದಲು ಕೊಟ್ಟೆ. ಒಂದು ತಿಂಗಳ ಮೇಲೇ ಅದನ್ನಷ್ಟೇ ಹಾಕಿಕೊಂಡ. ಮೊದಮೊದಲು ಟಿವಿ ನೋಡುವಾಗ ಮಾತ್ರ, ಊಟಕ್ಕೆ ಬೇಡ. ಕೆಳಗಿನದು ಆಮೇಲೆ. ಎರಡೂ ಒಟ್ಟಿಗೆ ಕೊಟ್ಟ ಕಡೆ ಮಕ್ಕಳು ಬಿಸಾಡುವುದು ಇದಕ್ಕೇ ಅನ್ನುವುದು ನನ್ನ ಲೆಕ್ಕ. ಮೇಲಿನದರ ಹಿಂಬದಿ ಅಂಚಲ್ಲಿ ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್ಕಿಗೆ ಬನ್ನಿ, ಚಹಾ ಕುಡಿಸಿ ತೋರಿಸುತ್ತೇನೆ.

ಮಧ್ಯೆ ಇನ್ನೊಂದು ಹುಚ್ಚು. ಅಯೋಡಿನ್ ಹಚ್ಚಿ, ಒಣಗಿಸಿ, ಕಾರ್ನ್‌ಫ್ಲೋರ್ ಉದುರಿಸಿದರೆ ಬೆವರು ಬಂದ ಕಡೆ ಕಪ್ಪಾಗುತ್ತದೆ ಅಲ್ವಾ? ಎಸಿ ಆಫ್ ಮಾಡಿ ಹುಡುಗನ ಅಂಗೈಗೆ ಮಾಡಿದೆ. ನನ್ನ ಅಂಗೈ ಕಪ್ಪು, ಅವನದು ಹಳದಿಯಾಗಿಯೇ ಉಳಿಯಿತು. ಅವನು ಬೆವರುವುದಿಲ್ಲ ಅಂತ ಅಜ್ಜಿ ಆಗ ನಂಬಿದರು. ಚರ್ಮದ ಡಾಕ್ಟರ್ ಗೆಳತಿಯೊಬ್ಬಳು ಅಮ್ಮನ ಬೆನ್ನಿಗೂ ಮಾಡಿ ನೋಡಿದಳು, ಪಟ್ಟೆ ಪಟ್ಟೆಯಾಗಿ ಬಂತಂತೆ, ಅಂದರೆ ದೋಷದ ಜೀನ್ ಅಮ್ಮನಲ್ಲೂ ಇದೆ ಅಂತ. ಬೆವರದ ಮೈ ಬೇಗ ಕಾಯುತ್ತದೆ, ಹಾಗಾಗಿ ಅಂದಿನಿಂದ ಅವನ ಅಪಾಯಿಂಟ್‌ಮೆಂಟ್ ಬೆಳಗ್ಗೆಯೇ. ಅಕ್ಟೋಬರ್ ಬಿಸಿಲಲ್ಲಿ ಒದ್ದೆ ಬನಿಯನ್ ಹಾಕಿಸಿ ಲೋಕಲ್ ಟ್ರೇನಲ್ಲಿ ಕರೆದು ತರುತ್ತಾರೆ.

ಕೆಳಗಿನ ಸೆಟ್ಟನ್ನು ನಡುವೆ ಸೀಳಿ ಸ್ಕ್ರೂ ಇಟ್ಟು, ದವಡೆ ಬೆಳೆದ ಹಾಗೆ ಅಗಲಿಸುವ ಆಸೆಯೂ ಇತ್ತು. ಮಾಡಿ ನೋಡಿದರೆ ಹುಡುಗನ ನಾಲಿಗೆ ಆ ಸೀಳಿನಲ್ಲೇ ಆಡುತ್ತಿತ್ತು, ಅಕ್ರಿಲಿಕ್ ಅಲ್ಲೇ ಮುರಿಯಿತು. ಸೆಟ್ಟಿನ ಒಳಗೆ ಹಾಕಿದ ಮೆತ್ತನೆಯ ಪದರ (ಸಾಫ್ಟ್ ಲೈನರ್) ಕೆಲವೇ ವಾರದಲ್ಲಿ ವಾಸನೆ ಹೊಡೆಯಿತು. ಈಗ ಆರು ತಿಂಗಳಿಗೊಮ್ಮೆ ನೋಡಿ, ಸಡಿಲವಾದರೆ ರೀಲೈನ್ (ಒಳಮೈಗೆ ಹೊಸ ಪದರ ಹಾಕಿ ಬಿಗಿ ಮಾಡುವುದು), ಅಷ್ಟೇ.

ದುಡ್ಡಿಗೆ ಬರೋಣ. ಲ್ಯಾಬಿಗೆ ಮೊದಲ ಜೊತೆಗೆ ಐದು ಸಾವಿರದ ಹತ್ತಿರ, ಸಿಲಿಕೋನ್, ಕಾಂಪೊಸಿಟ್ ಎಲ್ಲ ಸೇರಿ ಹತ್ತು ಸಾವಿರ ದಾಟಿತು. ಕೊಟ್ಟ ಕೆಲವೇ ದಿನಕ್ಕೆ ಅಜ್ಜಿ ಹಾಲಿನ ಬಾಟಲಿಯ ಜೊತೆ ಮೇಲಿನ ಸೆಟ್ಟನ್ನೂ ಕುದಿಸಿಬಿಟ್ಟರು. ಸೊಟ್ಟಗಾಯಿತು, ಇನ್ನೊಂದು ಮಾಡಬೇಕಾಯಿತು. ಅರ್ಧ ಖರ್ಚು ಹೋಟೆಲಿನ ಧಣಿ ಕೊಟ್ಟರು, ಅರ್ಧ ನಾನು ಹಾಕಿದೆ. ಈಗ ಮೊದಲೇ ಹೇಳುತ್ತೇನೆ: ಒಂದೂವರೆ ಎರಡು ವರ್ಷಕ್ಕೊಂದು ಜೊತೆ, ಬೆಳವಣಿಗೆ ಮುಗಿಯುವವರೆಗೂ. ಒಂದೇ ಸೆಟ್ಟಿನ ರೇಟ್ ಹೇಳಿದರೆ ಮುಂದೆ ಜಗಳ ಗ್ಯಾರಂಟಿ.

ಇಂಪ್ಲಾಂಟ್ ಕಾಯಿರಿ ಅಂದ ಸೀನಿಯರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಬೆಳೆಯುವ ದವಡೆಯಲ್ಲಿ ಇಂಪ್ಲಾಂಟ್ ಇದ್ದಲ್ಲೇ ಹೂತು ನಿಲ್ಲುತ್ತದೆ. ಕೆಳದವಡೆಯ ಮುಂಭಾಗ ಒಂದನ್ನು ಬಿಟ್ಟರೆ ಚಿಕ್ಕವರಿಗೆ ಬೇಡ. ಆದರೆ ಅಲ್ಲಿಯತನಕ ಮಗು ಬರೀ ಗಂಜಿ ಕುಡಿಯಬೇಕಾ? ನಮ್ಮ ಹುಡುಗ ಅಜ್ಜಿಯ ಕಣ್ಣು ತಪ್ಪಿಸಿ ಕೋರಿ ರೊಟ್ಟಿಯನ್ನು ಒಣದಾಗಿಯೇ ಕಡಿದ ಅಂತ ಸುದ್ದಿ. ನಾನು ಬೈದೆ, ಒಳಗೊಳಗೆ ಖುಷಿ.

ಒಪಿಜಿಯಲ್ಲಿ (ಎರಡೂ ದವಡೆ ಕಾಣುವ ಎಕ್ಸ್‌ರೇ) ಮೇಲೆ ಎಡಗಡೆ ಆರು ವರ್ಷದ ದವಡೆ ಹಲ್ಲಿನ ಮೊಗ್ಗು ಕಾಣುತ್ತಿತ್ತು. ಅದು ಈಗ ಒಸಡಿನಿಂದ ಇಣುಕಿದೆ. ಮೂರನೇ ಜೊತೆಯಲ್ಲಿ ಕ್ಲಾಸ್ಪ್ ಅದಕ್ಕೇ. ಲ್ಯಾಬಿನವರಿಗೆ ಹೇಳಿ ಇಟ್ಟಿದ್ದೇನೆ, ರೇಟ್ ಇನ್ನೂ ಕುದುರಿಲ್ಲ.