ಊರಿಂದ ಯುಕೆಗೆ ಪಾರ್ಸೆಲ್ ಬಂದಾಗ ಕಸ್ಟಮ್ಸ್, ವ್ಯಾಟ್ ಕಟ್ಟೋದು ಹೇಗೆ

ಆಫೀಸಿಂದ ಬಂದು ಬಾಗಿಲು ತೆಗೆದ್ರೆ ಕಾಲಡಿ ಇಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್‌ನ ಬೂದು ಬಣ್ಣದ ಕಾರ್ಡ್ ಬಿದ್ದಿದೆ, ಅದ್ರ ಮೇಲೆ ಫೀ ಟು ಪೇ ಅಂತ ಇದೆ ಅಂದ್ರೆ ಗಾಬರಿ ಬೀಳ್ಬೇಡಿ. ಊರಿಂದ ಬಂದ ಪಾರ್ಸೆಲ್ ಈ ದೇಶಕ್ಕೆ ಬಂದಾಗಿದೆ, ಗಡಿಯಲ್ಲಿ ತಪಾಸಣೆ ಮಾಡೋ ಬಾರ್ಡರ್ ಫೋರ್ಸ್‌ನೋರು ಡಬ್ಬದ ಮೇಲಿರೋ ಕಸ್ಟಮ್ಸ್ ಫಾರ್ಮ್ ನೋಡಿ ತೆರಿಗೆ ಹಾಕಿದಾರೆ, ಕಟ್ಟಿದ್ರೆ ಮನೆಗೆ ತಂದುಕೊಡ್ತಾರೆ, ಅಷ್ಟೇ. ಕಾರ್ಡಲ್ಲಿ ಒಂದು ರೆಫರೆನ್ಸ್ ನಂಬರ್ ಇರತ್ತೆ, ಅದನ್ನ ರಾಯಲ್ ಮೇಲ್ ವೆಬ್‌ಸೈಟಲ್ಲಿ ಹಾಕಿ ಡೆಬಿಟ್ ಕಾರ್ಡಲ್ಲಿ ಕಟ್ಟಿ, ಯಾವ ದಿನ ತರಬೇಕು ಅಂತ ಆರಿಸ್ಕೊಂಡ್ರೆ ಮುಗೀತು. ಸಾಮಾನ್ಯವಾಗಿ ಮೂರು ವಾರ ಟೈಮ್ ಇರತ್ತೆ, ಅಷ್ಟರಲ್ಲಿ ಕಟ್ಟದಿದ್ರೆ ಪಾರ್ಸೆಲ್ ವಾಪಸ್ ಊರಿಗೇ ಹೋಗತ್ತೆ. ಹಾಗಾಗಿ ರಜಕ್ಕೆ ಹೋಗೋರು ಅಕ್ಕಪಕ್ಕದವರಿಗೆ ಪೋಸ್ಟ್ ನೋಡ್ಕೊಳ್ಳೋಕೆ ಹೇಳಿ ಹೋಗಿ.

ಕಟ್ಟೋದು ಸುಲಭ, ಕಷ್ಟ ಇರೋದು ಬೇರೆ ಕಡೆ. ಎಷ್ಟು ಕಟ್ಬೇಕು ಅನ್ನೋದು ಇಲ್ಲಿ ತೀರ್ಮಾನ ಆಗಲ್ಲ, ಊರಲ್ಲಿ ಅಮ್ಮ ಅಂಚೆ ಕಚೇರಿ ಕೌಂಟರಲ್ಲಿ ಫಾರ್ಮ್ ತುಂಬಿದ ಹೊತ್ತಲ್ಲೇ ಆಗಿರತ್ತೆ. ಇದು ನನಗೆ ಗೊತ್ತಾಗಿದ್ದು ಒಂದು ದೀಪಾವಳಿಗೆ. ಅಮ್ಮ ಮೈಸೂರಿಂದ ಒಂದೇ ಡಬ್ಬದಲ್ಲಿ ನನಗೆ ಹತ್ತಿ ಸೀರೆ, ನಮ್ಮೆಜಮಾನ್ರಿಗೆ ಜುಬ್ಬ, ಮೈದುನನಿಗೆ ಪಂಚೆ ಶಲ್ಯ, ಮಗಳಿಗೆ ಚನ್ನಪಟ್ಟಣದ ಗೊಂಬೆ ಸೆಟ್ ಕಳಿಸಿದ್ರು, ಒಂದೊಂದೂ ಇಲ್ಲಿನ ಲೆಕ್ಕದಲ್ಲಿ ಸುಮಾರು 30 ಪೌಂಡ್. ಫಾರ್ಮಲ್ಲಿ ಒಂದೇ ಸಾಲು, ಗಿಫ್ಟ್ ಐಟಮ್ಸ್ ಅಂತ, ಪಕ್ಕದಲ್ಲಿ ಒಟ್ಟು ಮೊತ್ತ. 120 ಪೌಂಡ್‌ನ ಒಂದು ಗಿಫ್ಟ್ ಅಂತ ಲೆಕ್ಕ ಆಯ್ತು, 20 ಪರ್ಸೆಂಟ್ ವ್ಯಾಟ್ 24 ಪೌಂಡ್, ಮೇಲೆ ಪೋಸ್ಟ್‌ನೋರ ಹ್ಯಾಂಡ್ಲಿಂಗ್ ಫೀ 8 ಪೌಂಡ್, ಒಟ್ಟು 32 ಪೌಂಡ್ ಕಟ್ಟಿ ಬಿಡಿಸ್ಕೊಂಡೆ. ಅದೇ ನಾಲ್ಕು ಸಾಮಾನನ್ನ ನಾಲ್ಕು ಸಾಲಲ್ಲಿ ಸರಿಯಾಗಿ ಬರೆದಿದ್ರೆ ಒಂದು ಪೆನ್ನಿಯೂ ಕಟ್ಬೇಕಿರಲಿಲ್ಲ.

ಯಾಕಂದ್ರೆ ಇಲ್ಲಿನ ನಿಯಮ ಹೀಗಿದೆ. ಗಿಫ್ಟ್‌ನ ಬೆಲೆ 39 ಪೌಂಡ್ ಅಥವಾ ಅದಕ್ಕಿಂತ ಕಮ್ಮಿ ಇದ್ರೆ ವ್ಯಾಟ್ ಇಲ್ಲ. 39 ದಾಟಿದ್ರೆ ಪೂರ್ತಿ ಬೆಲೆ ಮೇಲೆ ಬೀಳತ್ತೆ, ದಾಟಿದ ಭಾಗಕ್ಕೆ ಮಾತ್ರ ಅಲ್ಲ. ಒಂದೇ ಡಬ್ಬದಲ್ಲಿ ಹಲವರಿಗೆ ಗಿಫ್ಟ್ ಇದ್ರೆ ಒಬ್ಬೊಬ್ಬರಿಗೂ ಬೇರೆ ಬೇರೆ 39 ಪೌಂಡ್ ವಿನಾಯಿತಿ ಸಿಗತ್ತೆ, ಆದ್ರೆ ಮೂರು ಕೆಲಸ ಮಾಡಿರ್ಬೇಕು: ಪ್ರತಿಯೊಂದನ್ನೂ ಬೇರೆ ಬೇರೆ ಸುತ್ತಿರ್ಬೇಕು, ಪ್ರತಿಯೊಂದರ ಮೇಲೂ ಯಾರಿಗೆ ಅಂತ ಹೆಸರಿರ್ಬೇಕು, ಕಸ್ಟಮ್ಸ್ ಫಾರ್ಮಲ್ಲೂ ಪ್ರತಿಯೊಂದಕ್ಕೆ ಬೇರೆ ಸಾಲು, ಬೇರೆ ಬೆಲೆ ಇರ್ಬೇಕು. ಇನ್ನೊಂದು, ಗಿಫ್ಟ್ ಅಂದ್ರೆ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹುಟ್ಟುಹಬ್ಬಕ್ಕೋ ಹಬ್ಬಕ್ಕೋ ಕಳಿಸೋದು, ಅವರ ಸ್ವಂತ ಬಳಕೆಗೆ. ನೀವೇ ಅಂಗಡಿಗೆ ದುಡ್ಡು ಕಟ್ಟಿ ತರಿಸ್ಕೊಂಡಿದ್ದನ್ನ ಅಂಗಡಿಯೋರು ಗಿಫ್ಟ್ ಅಂತ ಬರೆದ್ರೆ ಅದು ಗಿಫ್ಟ್ ಆಗಲ್ಲ, ಸುಳ್ಳು ಡಿಕ್ಲರೇಶನ್ ಆಗತ್ತೆ, ಪಾರ್ಸೆಲ್ಲೇ ಜಪ್ತಿ ಆಗ್ಬಹುದು.

ಫಾರ್ಮ್ ಹೆಸರು ಸಿಎನ್22 ಅಥವಾ ಸಿಎನ್23, ಜಾಸ್ತಿ ಬೆಲೆಯ ಪಾರ್ಸೆಲ್‌ಗೆ ಸಿಎನ್23. ನಾನೀಗ ಅಮ್ಮನಿಗೆ ವಾಟ್ಸಾಪಲ್ಲಿ ಸಾಲು ಸಾಲಾಗಿ ಬರೆದು ಕಳಿಸ್ತೀನಿ, ಅವರು ಅದನ್ನೇ ಇಂಗ್ಲಿಷಲ್ಲಿ ನೋಡ್ಕೊಂಡು ಬರೀತಾರೆ. ಹೀಗೆ: ಒಂದು ಹತ್ತಿ ಸೀರೆ, ಮಗಳಿಗೆ, ಹಬ್ಬದ ಗಿಫ್ಟ್, 3,200 ರೂಪಾಯಿ. ಒಂದು ಜುಬ್ಬ, ಅಳಿಯನಿಗೆ, ಹಬ್ಬದ ಗಿಫ್ಟ್, 2,900 ರೂಪಾಯಿ. ಮಗಳು, ಅಳಿಯ ಅಂತಷ್ಟೇ ಬಿಡ್ಬೇಡಿ, ಹೆಸರೂ ಬರೀಬೇಕು. ಅಂಗಡಿ ಬಿಲ್ ಇದ್ರೆ ಫೋಟೋ ತೆಗೆದು ಇಟ್ಕೊಳ್ಳೋಕೆ ಹೇಳಿ, ಆಮೇಲೆ ತಕರಾರು ಬಂದ್ರೆ ಅದೇ ಆಧಾರ. ಡಬ್ಬ ಟೇಪ್ ಹಾಕೋಕೆ ಮುಂಚೆ ಒಳಗಿನ ಫೋಟೋ ಒಂದು, ತುಂಬಿದ ಫಾರ್ಮ್ ಫೋಟೋ ಒಂದು ತರಿಸ್ಕೊಳ್ಳಿ, ತಪ್ಪಿದ್ರೆ ಕೌಂಟರಿಗೆ ಕೊಡೋ ಮುಂಚೆನೇ ತಿದ್ದಿಸ್ಬಹುದು. ಬೆಲೆ ಕಮ್ಮಿ ಬರೆದ್ಬಿಡು ಅಂತ ಹೇಳೋರು ತುಂಬಾ ಜನ ಇದಾರೆ, ದಯವಿಟ್ಟು ಅವರ ಮಾತು ಕೇಳ್ಬೇಡಿ, ನಿಯಮದ ಒಳಗೇ ಇಷ್ಟು ಉಳಿಯತ್ತೆ ಅಂದ್ಮೇಲೆ ಸುಳ್ಳು ಬರೆಯೋ ಅಗತ್ಯನೇ ಇಲ್ಲ, ಮೇಲಾಗಿ ಪಾರ್ಸೆಲ್ ಕಳೆದುಹೋದ್ರೆ ಪರಿಹಾರನೂ ಬರೆದ ಬೆಲೆಗಿಂತ ಜಾಸ್ತಿ ಸಿಗಲ್ಲ.

ದೊಡ್ಡ ಗಿಫ್ಟ್ ಆದ್ರೆ? ಸೀಮಂತಕ್ಕೆ ಅತ್ತೆ ಮನೆಯಿಂದ ರೇಷ್ಮೆ ಸೀರೆ ಬಂತು ಅಂದ್ಕೊಳ್ಳಿ, ಲೆಕ್ಕಕ್ಕೆ ಹಿಡಿಯೋ ಮೊತ್ತ 400 ಪೌಂಡ್. ಗಿಫ್ಟ್ 135 ಪೌಂಡ್ ದಾಟಿದ್ರೆ ವ್ಯಾಟ್ ಜೊತೆ ಕಸ್ಟಮ್ಸ್ ಡ್ಯೂಟಿನೂ, ಅಂದ್ರೆ ಆಮದು ಸುಂಕನೂ, ಸೇರ್ಕೊಳ್ಳತ್ತೆ, 135ರಿಂದ 630 ಪೌಂಡ್ ತನಕದ ಗಿಫ್ಟಿಗೆ ಡ್ಯೂಟಿ 2.5 ಪರ್ಸೆಂಟ್, ಕೆಲವು ಸಾಮಾನಿಗೆ ಇನ್ನೂ ಕಮ್ಮಿ. 400ಕ್ಕೆ 2.5 ಪರ್ಸೆಂಟ್ ಅಂದ್ರೆ 10 ಪೌಂಡ್. ಆಮೇಲೆ ವ್ಯಾಟ್ ಹಾಕೋದು 400ರ ಮೇಲಲ್ಲ, 410ರ ಮೇಲೆ, 82 ಪೌಂಡ್. ಒಟ್ಟು 92, ಮೇಲೆ ಹ್ಯಾಂಡ್ಲಿಂಗ್ ಫೀ. ತೆರಿಗೆ ಮೇಲೆ ತೆರಿಗೆ ಬೀಳತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿರಲ್ಲ, ಬರೀ 20 ಪರ್ಸೆಂಟ್ ಅಂದ್ಕೊಂಡು ದುಡ್ಡು ತೆಗೆದಿಟ್ಟಿರ್ತಾರೆ.

ಈಗ ಅಂಗಡಿಯಿಂದ ಆನ್‌ಲೈನಲ್ಲಿ ತರಿಸೋದಕ್ಕೆ ಬರೋಣ. 2021ರ ಜನವರಿ 1ರಿಂದ ಇಲ್ಲಿ ಪದ್ಧತಿ ಬದಲಾಗಿದೆ, ಅದಕ್ಕೆ ಮುಂಚೆ 15 ಪೌಂಡ್ ತನಕದ ಸಣ್ಣಪುಟ್ಟ ಸಾಮಾನಿಗೆ ವ್ಯಾಟ್ ಇರಲಿಲ್ಲ, ಈಗ ಆ ವಿನಾಯಿತಿ ಇಲ್ಲ. ಪಾರ್ಸೆಲ್‌ನೊಳಗಿನ ಸಾಮಾನಿನ ಬೆಲೆ 135 ಪೌಂಡ್ ಒಳಗಿದ್ರೆ ಮಾರೋರು ಅಥವಾ ಮಾರ್ಕೆಟ್‌ಪ್ಲೇಸ್‌ನೋರು ಪೇಮೆಂಟ್ ಪೇಜಲ್ಲೇ ವ್ಯಾಟ್ ಹಿಡ್ಕೋಬೇಕು, ಬಾಗಿಲ ಹತ್ರ ಮತ್ತೆ ಕಟ್ಟೋದು ಬರಬಾರದು, ಡ್ಯೂಟಿನೂ ಇಲ್ಲ. ವ್ಯಾಟ್ ಸಾಲು ಇರೋ ಇನ್‌ವಾಯ್ಸ್ ಉಳಿಸ್ಕೊಳ್ಳಿ, ಎರಡನೇ ಸಲ ಕೇಳಿದ್ರೆ ಮೊದ್ಲು ಮಾರಿದೋರನ್ನ ಹಿಡ್ಕೊಳ್ಳಿ. 135 ದಾಟಿದ್ರೆ ಮಾತ್ರ ವ್ಯಾಟ್, ಡ್ಯೂಟಿ ಎರಡೂ ಇಲ್ಲಿ ಬಂದ್ಮೇಲೆ. ಈ 135 ಅನ್ನೋದು ಒಂದು ಸಾಮಾನಿಗಲ್ಲ, ಒಂದು ಪಾರ್ಸೆಲ್‌ಗೆ, ಪೋಸ್ಟೇಜ್ ಬಿಟ್ಟು. ಆದ್ರೆ ದಾಟಿದ್ಮೇಲೆ ತೆರಿಗೆ ಲೆಕ್ಕ ಹಾಕುವಾಗ ಪೋಸ್ಟೇಜ್, ಇನ್ಶೂರೆನ್ಸ್ ಎಲ್ಲಾ ಸೇರಿಸ್ತಾರೆ. ಉದಾಹರಣೆಗೆ 180 ಪೌಂಡ್‌ನ ಚೂಡಿದಾರ್ ಸೆಟ್‌ಗಳು, 20 ಪೌಂಡ್ ಪೋಸ್ಟೇಜ್, ಒಟ್ಟು 200. ಹೊಲಿದ ಉಡುಪಿಗೆ ಸಾಮಾನ್ಯ ಡ್ಯೂಟಿ ದರ 12 ಪರ್ಸೆಂಟ್ ಹಿಡಿದ್ರೆ 24 ಪೌಂಡ್, 224ರ ಮೇಲೆ ವ್ಯಾಟ್ 44.80, ಒಟ್ಟು 68.80. ಸಾಮಾನಿನ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಯ್ತು ನೋಡಿ! ಬೇರೆ ಸಾಮಾನಿಗೆ ದರ ಬೇರೆ, ಸರ್ಕಾರದ ಟ್ರೇಡ್ ಟಾರಿಫ್ ಪೇಜಲ್ಲಿ ಸಾಮಾನಿನ ಹೆಸರು ಹಾಕಿ ಆರ್ಡರ್ ಮಾಡೋಕೆ ಮುಂಚೆನೇ ನೋಡ್ಕೊಳ್ಳಿ. 135ರ ಒಳಗಿನ ಡ್ಯೂಟಿ ವಿನಾಯಿತಿನ 2029ರ ಮಾರ್ಚ್ ಒಳಗೆ ತೆಗೀತೀವಿ ಅಂತ ಸರ್ಕಾರ ಹೇಳಿದೆ, ಅದೂ ಮನಸ್ಸಲ್ಲಿರಲಿ.

ವ್ಯಾಟೇ ಬೀಳದ ಸಾಮಾನೂ ಇದೆ. ಪುಸ್ತಕಕ್ಕೆ ಇಲ್ಲಿ ವ್ಯಾಟ್ ಸೊನ್ನೆ, ಮಕ್ಕಳ ಬಟ್ಟೆಗೂ ಸೊನ್ನೆ. ಮಕ್ಕಳಿಗೆ ಕನ್ನಡ ಕಲಿಸ್ತಿರೋರು ಊರಿಂದ ಕಥೆ ಪುಸ್ತಕ ಧಾರಾಳವಾಗಿ ತರಿಸಿ, ಆದ್ರೆ ಸೀರೆ ಜೊತೆ ಒಂದೇ ಡಬ್ಬಕ್ಕೆ ತುರುಕ್ಬೇಡಿ, ಬೇರೆ ಕಟ್ಟಿ ಪುಸ್ತಕ ಅಂತ ಸ್ಪಷ್ಟವಾಗಿ ಬರೆಸಿ. ಲಂಗ ದಾವಣಿ ಇದ್ದ್ರೆ ಬರೀ ಬಟ್ಟೆ ಅನ್ಬೇಡಿ, ಆರು ವರ್ಷದ ಮಗುವಿನ ಬಟ್ಟೆ ಅಂತ ಬರೆಸಿ.

ತಿಂಡಿ ವಿಷಯ ಹೇಳೋಕೆ ನನಗೇ ಬೇಜಾರು. ಹಾಲಿನ ಪದಾರ್ಥ, ಮಾಂಸ ಭಾರತದಿಂದ ಪಾರ್ಸೆಲಲ್ಲಿ ತರಿಸೋ ಹಾಗಿಲ್ಲ, ಅಂದ್ರೆ ಧಾರವಾಡ ಪೇಡ, ಮನೆ ತುಪ್ಪ ಎರಡೂ ಇಲ್ಲ. ಸಿಕ್ಕಿದ್ರೆ ತೆಗೆದು ನಾಶ ಮಾಡ್ತಾರೆ, ದುಡ್ಡು ಕಟ್ಟಿದ್ರೂ ಬಿಡಲ್ಲ. ಅಜ್ಜಿ ಕೂತು ಕಾಯಿಸಿದ ತುಪ್ಪ ಕಸಕ್ಕೆ ಹೋಗೋದಕ್ಕಿಂತ ನೀವು ಊರಿಗೆ ಹೋದಾಗ ಅಲ್ಲೇ ತಿನ್ನೋದು ಒಳ್ಳೇದು. ಸಾರಿನ ಪುಡಿ, ಹುಳಿ ಪುಡಿ ನಮ್ಮನೆಗೆ ಯಾವಾಗ್ಲೂ ಬರ್ತಿರತ್ತೆ.

ಕೊರಿಯರ್ ಆಗಿದ್ರೆ ದಾರಿ ಸ್ವಲ್ಪ ಬೇರೆ. ಅವರು ಮೊದ್ಲು ತಾವೇ ಸರ್ಕಾರಕ್ಕೆ ಕಟ್ಟಿ ಆಮೇಲೆ ನಿಮ್ಮ ಹತ್ರ ವಸೂಲಿ ಮಾಡ್ತಾರೆ, ಕೆಲವ್ರು ಡೆಲಿವರಿಗೆ ಮುಂಚೆ, ಕೆಲವ್ರು ಸಾಮಾನು ಕೊಟ್ಟ್ಮೇಲೆ ಬಿಲ್ ಕಳಿಸಿ, ಅದಕ್ಕೆ ಅವರದ್ದೇ ಫೀ ಬೇರೆ. ಊರಿಂದ ಸ್ಪೀಡ್ ಪೋಸ್ಟಲ್ಲಿ ಬಂದಿದ್ದು ಇಲ್ಲಿ ಪಾರ್ಸೆಲ್‌ಫೋರ್ಸ್ ಅನ್ನೋ ಪಾರ್ಸೆಲ್ ಕಂಪನಿ ಕೈಗೆ ಬರತ್ತೆ, ಅವರ ಫೀ ರಾಯಲ್ ಮೇಲ್‌ಗಿಂತ ಜಾಸ್ತಿ. ಕಳಿಸೋಕೆ ಮುಂಚೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ, ಅಗ್ಗದ ಸಾಮಾನಿಗೆ ಫೀನೇ ಭಾರ ಆಗ್ಬಿಡತ್ತೆ.

ಮೋಸದ ಮೆಸೇಜ್ ಬಗ್ಗೆ ಹುಷಾರು, ಅದ್ರಲ್ಲೂ ಮೊಮ್ಮಗು ನೋಡ್ಕೊಳ್ಳೋಕೆ ಅಂತ ಊರಿಂದ ಬಂದಿರೋ ಅಪ್ಪ ಅಮ್ಮಂಗೆ ಕೂರಿಸಿ ಹೇಳಿ. ನಿಮ್ಮ ಪಾರ್ಸೆಲ್ ನಿಂತಿದೆ, ಎರಡು ಪೌಂಡ್ ಕಟ್ಟಿ ಅಂತ ಲಿಂಕ್ ಬರತ್ತೆ, ಬ್ಯಾಂಕ್ ಕಾರ್ಡ್ ನಂಬರ್ ಕೊಟ್ಟ್ರೆ ಅಕೌಂಟ್ ಖಾಲಿ. ನಿಜವಾದ ಕಸ್ಟಮ್ಸ್ ಚಾರ್ಜ್‌ಗೂ ರಾಯಲ್ ಮೇಲ್‌ನಿಂದ ಮೆಸೇಜೋ ಇಮೇಲೋ ಬರ್ಬಹುದು, ಆದ್ರೆ ಜೊತೆಗೆ ಆ ಬೂದು ಕಾರ್ಡೂ ಮನೆಗೆ ಬಂದೇ ಬರತ್ತೆ. ಲಿಂಕ್ ಒತ್ತದೆ, ಬೂದು ಕಾರ್ಡಲ್ಲಿರೋ ರೆಫರೆನ್ಸ್ ನಂಬರನ್ನ ರಾಯಲ್ ಮೇಲ್ ವೆಬ್‌ಸೈಟಿಗೆ ನೀವೇ ಹೋಗಿ ಹಾಕಿ ನೋಡಿ. ಮೋಸದ ಎಸ್‌ಎಮ್‌ಎಸ್‌ನ 7726ಕ್ಕೆ ಫಾರ್ವರ್ಡ್ ಮಾಡಿ.

ತಪ್ಪು ಲೆಕ್ಕ ಹಾಕಿದಾರೆ ಅನ್ಸಿದ್ರೆ ಮೊದ್ಲು ಕಟ್ಟಿ ಪಾರ್ಸೆಲ್ ಬಿಡಿಸ್ಕೊಳ್ಳಿ, ಆಮೇಲೆ ವಾಪಸ್ ಕೇಳಿ. ರಾಯಲ್ ಮೇಲ್, ಪಾರ್ಸೆಲ್‌ಫೋರ್ಸ್ ಮೂಲಕ ಬಂದಿದ್ರೆ ಬಿಒಆರ್286 ಅನ್ನೋ ಫಾರ್ಮ್, ಬಾರ್ಡರ್ ಫೋರ್ಸ್‌ಗೆ ಹೋಗತ್ತೆ. ಡಬ್ಬದ ಮೇಲಿನ ಚಾರ್ಜ್ ಲೇಬಲ್, ಸಿಎನ್ ಫಾರ್ಮ್ ಎರಡನ್ನೂ ಹರಿದು ಬಿಸಾಕ್ಬೇಡಿ, ಊರಿನ ಬಿಲ್ ಜೊತೆ ಅವೇ ಬೇಕಾಗೋದು. ನಾನು ಆ ದೀಪಾವಳಿ ಡಬ್ಬನ ಬಂದ ದಿನವೇ ರೀಸೈಕ್ಲಿಂಗ್‌ಗೆ ಹಾಕ್ಬಿಟ್ಟಿದ್ದೆ.

ಹೊಸದಾಗಿ ಈ ದೇಶಕ್ಕೆ ಬರ್ತಿರೋರಿಗೆ ಒಂದು ಮಾತು. ಕುಕ್ಕರ್, ದೇವರ ಸಾಮಾನು, ವೀಣೆ ಥರದ ನಿಮ್ಮದೇ ಬಳಸಿದ ವಸ್ತುಗಳನ್ನ ಆಮೇಲೆ ಕಳಿಸ್ಕೊಳ್ಳೋದಾದ್ರೆ ಅದಕ್ಕೆ ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ಅನ್ನೋ ವಿನಾಯಿತಿ ಇದೆ, ಡ್ಯೂಟಿನೂ ಇಲ್ಲ ವ್ಯಾಟೂ ಇಲ್ಲ. ಕನಿಷ್ಠ 12 ತಿಂಗಳು ಯುಕೆ ಹೊರಗೆ ವಾಸ ಇದ್ದಿರ್ಬೇಕು, ವಸ್ತು ಕನಿಷ್ಠ 6 ತಿಂಗಳು ನಿಮ್ಮ ಹತ್ರ ಬಳಕೆಯಲ್ಲಿ ಇದ್ದಿರ್ಬೇಕು, ನೀವು ಇಲ್ಲಿ ಬಂದು 12 ತಿಂಗಳ ಒಳಗೆ ಅದು ಬಂದಿರ್ಬೇಕು. ಸಾಮಾನು ಹೊರಡೋಕೆ ಮುಂಚೆನೇ ಆನ್‌ಲೈನಲ್ಲಿ ಅರ್ಜಿ ಹಾಕಿ, ಅವರು ಕೊಡೋ ನಂಬರನ್ನ ಕಳಿಸೋರಿಗೆ ಕೊಟ್ಟಿರಿ.