ಹಾಲಿನ ಡೇರಿ ಮುಂದೆ ವೋಟು ಕೇಳಿದ ಹದಿನಾಲ್ಕು ದಿನ

ನಾನಿರುವುದು ಯಲಹಂಕದಲ್ಲಿ. ಕೆಲಸ ಮಾತ್ರ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ. ನಿಂತ ವೃದ್ಧಾಪ್ಯ ವೇತನ, ಪಹಣಿಯಲ್ಲಿ ತಪ್ಪಾದ ಹೆಸರು, ಪೋಡಿ ಆಗದ ಜಮೀನು, ರೇಷನ್ ಕಾರ್ಡು ಅಂತ ಜನರ ಜೊತೆ ನಾಡಕಚೇರಿ, ತಾಲ್ಲೂಕು ಕಚೇರಿ ಸುತ್ತುತ್ತೇನೆ. 2023ರ ವಿಧಾನಸಭೆ ಚುನಾವಣೆಗೆ ಅಲ್ಲೇ ಪಕ್ಷೇತರಳಾಗಿ ನಿಂತೆ. ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ದೇವನಹಳ್ಳಿ, ನೆಲಮಂಗಲ ಮೀಸಲು. ಉಳಿದ ಎರಡರಲ್ಲಿ ಒಂದು ಅಂದುಕೊಳ್ಳಿ.

ರಾಜ್ಯದ ಯಾವ ಕ್ಷೇತ್ರದ ಮತದಾರರಾದರೂ ಸಾಮಾನ್ಯ ಕ್ಷೇತ್ರದಲ್ಲಿ ನಿಲ್ಲಬಹುದು. ನಮ್ಮ ಹೆಸರಿರುವ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ಕೊಟ್ಟರೆ ಸಾಕು. ನನ್ನ ಹೆಸರಿದ್ದದ್ದು ಯಲಹಂಕದ ಪಟ್ಟಿಯಲ್ಲಿ. ಹಾಗಾಗಿ ನನ್ನ ವೋಟನ್ನು ನಾನೇ ಹಾಕಿಕೊಳ್ಳುವಂತಿರಲಿಲ್ಲ!

ಹತ್ತು ಸಾವಿರ ಠೇವಣಿ ಹೇಗೋ ಹೊಂದಿತು. ಕಷ್ಟವಾಗಿದ್ದು ಸೂಚಕರದ್ದು, ಅಂದರೆ ನಾಮಪತ್ರಕ್ಕೆ ಸಹಿ ಹಾಕಿ ನಮ್ಮ ಹೆಸರು ಸೂಚಿಸುವವರದ್ದು. ದೊಡ್ಡ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಭಾಗದ ಸಂಖ್ಯೆ, ಕ್ರಮ ಸಂಖ್ಯೆ ಪಟ್ಟಿಗೆ ತಾಳೆಯಾಗಬೇಕು. ಸಹಿ ಹಾಕುತ್ತೇನೆ ಎಂದಿದ್ದ ಒಬ್ಬರು ಹಿಂದಿನ ರಾತ್ರಿ ಫೋನ್ ಮಾಡಿ, 'ಮಗ ಕಂಟ್ರಾಕ್ಟರ್ ಹತ್ರ ಕೆಲಸಕ್ಕಿದಾನೆ ಅಕ್ಕ, ಬೇಜಾರು ಮಾಡ್ಕೋಬೇಡಿ' ಎಂದರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರದವರೆಗೂ ಸಲ್ಲಿಸಬಹುದು, ಠೇವಣಿ ಒಂದೇ ಸಲ. ಬೇರೆ ಹತ್ತು ಜನರ ಸಹಿ ಹಾಕಿಸಿ ಎರಡನೇ ಸೆಟ್ ಇಟ್ಟುಕೊಂಡಿದ್ದೆ. ನಿಲ್ಲುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಫಿಡವಿಟ್‌ನಲ್ಲೂ ಒಂದು ಜಾಗ ಖಾಲಿ ಬಿಡಬೇಡಿ. ಕಾರಿಲ್ಲದಿದ್ದರೆ 'ಇಲ್ಲ' ಅಂತ ಬರೆಯಿರಿ.

ಏಪ್ರಿಲ್ 24, ನಾಮಪತ್ರ ವಾಪಸ್ ಪಡೆಯುವ ಕೊನೆಯ ದಿನ. ಅದು ಮುಗಿದ ಮೇಲೇ ಚಿಹ್ನೆ ಸಿಗುವುದು. ಹೊಲಿಗೆ ಯಂತ್ರ ಕೇಳಿದ್ದೆ. ಇನ್ನೊಬ್ಬರೂ ಅದನ್ನೇ ಕೇಳಿದ್ದರು, ಚೀಟಿ ಎತ್ತಿದರು, ಅವರಿಗೆ ಹೋಯಿತು. ನನಗೆ ಬಂದದ್ದು ಗ್ಯಾಸ್ ಸಿಲಿಂಡರ್. ಆಗ ಸಿಲಿಂಡರ್ ಬೆಲೆ ಸಾವಿರ ದಾಟಿತ್ತು. ಕರಪತ್ರ ನೋಡಿದ ಹೆಂಗಸೊಬ್ಬಳು, 'ಇದನ್ನ ನೋಡಿದ್ರೇನೇ ಹೊಟ್ಟೆ ಉರಿಯುತ್ತೆ ಅಕ್ಕ, ಇದಕ್ಕೆ ವೋಟು ಬೇರೆ ಹಾಕ್ಬೇಕಾ?' ಎಂದಳು. ಮತದಾನ ಮೇ 10ಕ್ಕೆ. ಬಹಿರಂಗ ಪ್ರಚಾರಕ್ಕೆ ಮೇ 8ರ ಸಂಜೆಯೇ ಕೊನೆ. ಉಳಿದವರ ಚಿಹ್ನೆ ಮಕ್ಕಳಿಗೂ ಗೊತ್ತು. ನನ್ನದನ್ನು ಊರೂರಿಗೆ ಗುರುತು ಮಾಡಿಸಲು ಇದ್ದದ್ದು ಹದಿನಾಲ್ಕೇ ದಿನ.

ಮನೆ ಮನೆಗೆ ಹೋಗಲು ಜನ ಇರಲಿಲ್ಲ. ಹಾಗಾಗಿ ಹಾಲಿನ ಡೇರಿ ಹಿಡಿದೆ. ಬೆಳಿಗ್ಗೆ ಆರರಿಂದ ಏಳೂವರೆ ಒಳಗೆ ಹಸು ಇರುವ ಪ್ರತಿ ಮನೆಯಿಂದ ಒಬ್ಬರು ಕ್ಯಾನ್ ಹಿಡಿದು ಬರುತ್ತಾರೆ. ಅಳತೆ ಮುಗಿದು ಚೀಟಿ ಕೈಗೆ ಬರುವವರೆಗೂ ಅಲ್ಲೇ ನಿಂತಿರುತ್ತಾರೆ. ನಾನು ರಸ್ತೆಯ ಆಚೆ ಬದಿ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದೆ. ಮೈಕಿಲ್ಲ, ಭಾಷಣವಿಲ್ಲ. ಎಲ್ಲರೂ ಗುರುತಿನವರೇ. ಎಷ್ಟೋ ಜನ ನಿಂತಲ್ಲೇ ಹಳೇ ಅರ್ಜಿಯ ಕತೆ ಶುರು ಮಾಡುತ್ತಿದ್ದರು. ಪ್ರಚಾರಕ್ಕೆ ಬಂದಿದ್ದೇನೆ ಎಂದರೂ ಬಿಡುತ್ತಿರಲಿಲ್ಲ. ನಾನೂ ಬರೆದುಕೊಳ್ಳುತ್ತಿದ್ದೆ.

ಒಬ್ಬ ಅಜ್ಜಿಯ ಪಿಂಚಣಿಗೆ ನಾನು ಎಂಟು ತಿಂಗಳು ಓಡಾಡಿದ್ದೆ. ಆಕೆ ಕ್ಯಾನ್ ಕೆಳಗಿಟ್ಟು ಹೇಳಿದಳು:

'ಗೆದ್ದೋರೆಲ್ಲಾ ಬೆಂಗ್ಳೂರು ಸೇರ್ಕೊಂಡ್ರು. ನೀನು ಗೆದ್ರೆ ಕೈಗೆ ಸಿಗಲ್ಲ ಕಣವ್ವ.'

'ನಾನಿರೋದೇ ಬೆಂಗ್ಳೂರಲ್ಲಿ ಅಲ್ವಾ ಅಜ್ಜಿ?'

'ಈ ಬೆಂಗ್ಳೂರಲ್ಲ. ವಿಧಾನಸೌಧದ ಬೆಂಗ್ಳೂರು.'

ತಮಾಷೆ ಅಂದುಕೊಂಡೆ. ಆಮೇಲೆ ಬೇರೆ ಊರುಗಳಲ್ಲೂ ಅದೇ ಮಾತು ಕೇಳಿತು. ನಮ್ಮ ಕೆಲಸ ಮಾಡಲು ನೀವಿದ್ದೀರಲ್ಲ, ವೋಟು ಯಾಕೆ? ಇಷ್ಟು ವರ್ಷದ ಕೆಲಸವೇ ನನ್ನ ಬಂಡವಾಳ ಎಂದುಕೊಂಡಿದ್ದೆ. ಅದೇ ಅಡ್ಡ ಬಂತು. ನಾನೂ ಒಂದು ತಪ್ಪು ಮಾಡಿದ್ದೆ. ನಾಡಕಚೇರಿಯಲ್ಲಿ ಆಗದ ಯಾವ ಕೆಲಸ ವಿಧಾನಸೌಧದಲ್ಲಿ ಆಗುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಆ ಮಾತು ಹದಿನಾಲ್ಕು ದಿನದಲ್ಲಿ ಆಗುವಂಥದ್ದಲ್ಲ, ಎರಡು ವರ್ಷ ಮುಂಚೆ ಶುರು ಮಾಡಬೇಕಿತ್ತು.

ಖರ್ಚಿನ ಮಿತಿ 40 ಲಕ್ಷ. ನನ್ನದು ಮೂರು ಲಕ್ಷವೂ ಮುಟ್ಟಲಿಲ್ಲ. ಆದರೂ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ದಿನದ ಲೆಕ್ಕ ಬಿಳಿ ಹಾಳೆಗೆ, ನಗದು ಗುಲಾಬಿಗೆ, ಬ್ಯಾಂಕಿನದು ಹಳದಿಗೆ. ಟೀ, ಕುರ್ಚಿ, ಶಾಮಿಯಾನ ಎಲ್ಲಕ್ಕೂ ಜಿಲ್ಲಾಡಳಿತದ ದರಪಟ್ಟಿ ಇದೆ. ಕರಪತ್ರದಲ್ಲಿ ಮುದ್ರಕರ ಹೆಸರು, ವಿಳಾಸ ಇರಲೇಬೇಕು. ನಮ್ಮ ಮೊದಲ ಕಂತಿನಲ್ಲಿ ಅದು ಬಿಟ್ಟುಹೋಗಿ ಅಷ್ಟನ್ನೂ ರದ್ದಿಗೆ ಹಾಕಿದೆವು.

ಮೇ 13ರಂದು ಎಣಿಕೆ. ಚಲಾವಣೆಯಾದ ವೋಟಿನಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ಠೇವಣಿ ಉಳಿಯುತ್ತದೆ. ನಾನು ಅದರ ಹತ್ತಿರಕ್ಕೂ ಹೋಗಲಿಲ್ಲ. ಅಜ್ಜಿಯ ಊರಿನ ಬೂತಿನಲ್ಲಿ ಬಂದದ್ದು 11 ವೋಟು. ನನ್ನ ಸೂಚಕರೇ ಆ ಊರಲ್ಲಿ ನಾಲ್ವರಿದ್ದರು.

ಫಲಿತಾಂಶದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಜೂನ್ ಮೊದಲ ವಾರ ರಶೀದಿ ಜೋಡಿಸುತ್ತಾ ಕೂತಿದ್ದಾಗ ಅಜ್ಜಿಯ ಮೊಮ್ಮಗ ಫೋನ್ ಮಾಡಿ ಅವಳ ಕೈಗೆ ಕೊಟ್ಟ. ಪಿಂಚಣಿ ಮತ್ತೆ ನಿಂತಿದೆ, ಆಧಾರ್ ಜೋಡಣೆ ಆಗಿಲ್ಲವಂತೆ.

'ಯಾವಾಗ ಬತ್ತೀಯವ್ವ?'

ಗುರುವಾರ ಹಾಲು ಹಾಕೋ ಹೊತ್ತಿಗೆ ಬರ್ತೀನಿ ಎಂದೆ.